ವಿಜ್ಞಾನ ಶಿಕ್ಷಕರ ಸಮ್ಮೇಳನ: ಅರ್ಜಿಯಿಂದ ವರದಿಯವರೆಗೆ, ಮುಂಬಯಿ ಕನ್ನಡ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಮೂರು ದಿನದ ರಜೆ, ನೋಂದಣಿ ಶುಲ್ಕ, ಓಡಾಟದ ಖರ್ಚು ಎಲ್ಲ ಸುರಿದು ಕೈಗೆ ಬಂದದ್ದು ಒಂದು ಪ್ರಮಾಣಪತ್ರ, ಒಂದು ಬಟ್ಟೆ ಚೀಲ ಮಾತ್ರ ಎಂದಾದರೆ ಅದು ನಷ್ಟದ ವ್ಯಾಪಾರ. ಈ ನಷ್ಟ ಹೆಚ್ಚಾಗಿ ಆಗುವುದು ಭಾಷಣ ಕೇಳಿಕೊಂಡು ಬರೋಣ ಎಂದು ಹೊರಡುವುದರಿಂದ. ತರಗತಿಯಲ್ಲಿ ವರ್ಷ ವರ್ಷವೂ ಕೈಕೊಡುವ ಒಂದು ಪಾಠವನ್ನು ಜೊತೆಗೆ ಒಯ್ದವರಿಗೆ ಮೂರು ದಿನ ಸಾಲುವುದಿಲ್ಲ. ಬರಿಗೈಯಲ್ಲಿ ಹೋದವರು ಎರಡನೇ ದಿನದ ಊಟದ ಹೊತ್ತಿಗೇ ಗಡಿಯಾರ ನೋಡುತ್ತಾರೆ. ಹಾಗಾಗಿ ಇಲ್ಲಿನ ಸಲಹೆಗಳೆಲ್ಲ ಆ ಒಂದು ಪಾಠದ ಸುತ್ತಲೇ ಇವೆ.

ಮುಂಬಯಿ, ಠಾಣೆ, ನವಿ ಮುಂಬಯಿಯ ಕನ್ನಡ ಮಾಧ್ಯಮ ಶಾಲೆಗಳ ವಿಜ್ಞಾನ ಶಿಕ್ಷಕರನ್ನೂ, ಊರಿನಿಂದ ಸಮ್ಮೇಳನಕ್ಕೆಂದು ಇಲ್ಲಿಗೆ ಬರುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಸ್ಥಳದ ಉದಾಹರಣೆಗೆ ಮಾನಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವನ್ನು ತೆಗೆದುಕೊಂಡಿದೆ.

ಯಾವ ಸಮ್ಮೇಳನ?

ಸಮ್ಮೇಳನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಸಂಶೋಧನೆಯದು. ಮಕ್ಕಳು ಹೇಗೆ ಕಲಿಯುತ್ತಾರೆ, ಎಲ್ಲಿ ತಪ್ಪು ತಿಳಿಯುತ್ತಾರೆ ಎಂಬುದರ ಮೇಲೆ ಇಲ್ಲಿ ಪ್ರಬಂಧಗಳು ಓದಲ್ಪಡುತ್ತವೆ. ಹೋಮಿ ಭಾಭಾ ಕೇಂದ್ರ ನಡೆಸುವ ‘ಎಪಿಸ್ಟೀಮ್’ ಈ ಜಾತಿಯದು. 2004ರಲ್ಲಿ ಗೋವಾದಲ್ಲಿ ಶುರುವಾಗಿ ಆಮೇಲೆ ಮುಂಬಯಿಗೆ ಬಂತು. ಇನ್ನೊಂದು ಶಿಕ್ಷಕರ ಸಂಘಗಳದು. 1984ರಲ್ಲಿ ಹುಟ್ಟಿದ ಭಾರತೀಯ ಭೌತಶಾಸ್ತ್ರ ಶಿಕ್ಷಕರ ಸಂಘ ವಾರ್ಷಿಕ ಅಧಿವೇಶನ ನಡೆಸುತ್ತದೆ, ರಸಾಯನಶಾಸ್ತ್ರ ಶಿಕ್ಷಕರಿಗೂ ಇಂಥದೇ ಸಂಘ ಇದೆ. ಇಲ್ಲಿ ಪ್ರಯೋಗ, ಪ್ರಾತ್ಯಕ್ಷಿಕೆ, ಪಠ್ಯಕ್ರಮದ ಜಗಳ ಎಲ್ಲ ಇರುತ್ತದೆ. ಮರಾಠಿ ಚೆನ್ನಾಗಿ ಬರುವವರಾದರೆ 1966ರಿಂದ ಇರುವ ಮರಾಠಿ ವಿಜ್ಞಾನ ಪರಿಷತ್ತಿನ ಕಾರ್ಯಕ್ರಮಗಳನ್ನೂ ಗಮನಿಸಬಹುದು. ಅದರ ಕಟ್ಟಡ ಚುನಾಭಟ್ಟಿಯಲ್ಲಿದೆ, ಅದೂ ಮಾನಖುರ್ದ್ ಇರುವ ಹಾರ್ಬರ್ ಲೈನ್ ಎಂಬ ಲೋಕಲ್ ರೈಲು ಮಾರ್ಗದಲ್ಲೇ.

ಮೊದಲ ಸಲ ಹೋಗುವವರಿಗೆ ಸಂಘದ ಅಧಿವೇಶನವೇ ವಾಸಿ. ಸಂಶೋಧನಾ ಸಮ್ಮೇಳನದಲ್ಲಿ ಮೊದಲ ದಿನ ತಲೆ ಭಾರವಾಗುವುದುಂಟು. ಅಲ್ಲಿ ಪೋಸ್ಟರ್, ಅಂದರೆ ನಿಮ್ಮ ಕೆಲಸವನ್ನು ಒಂದೇ ದೊಡ್ಡ ಹಾಳೆಯಲ್ಲಿ ತೋರಿಸುವ ಭಿತ್ತಿಪತ್ರ, ಹಿಡಿದು ಹೋದರೆ ಮಾತ್ರ ಅದು ಕೈಗೆಟಕುತ್ತದೆ.

ಇವೆರಡರ ನಡುವೆ ಮೂರನೆಯದೊಂದು ಜಾತಿ ಬೆಳೆದಿದೆ: ಹೆಸರಿನಲ್ಲಿ ‘ಅಂತಾರಾಷ್ಟ್ರೀಯ’, ಕೆಲಸ ಶುಲ್ಕ ವಸೂಲಿ. ಇದನ್ನು ಗುರುತಿಸುವುದು ಕಷ್ಟವಲ್ಲ. ಪ್ರಬಂಧದ ಸಾರಾಂಶ ಕಳಿಸಿದ ಮರುದಿನವೇ ‘ಸ್ವೀಕೃತ’ ಎಂದು ಉತ್ತರ ಬರುತ್ತದೆ. ವಿಜ್ಞಾನ, ವಾಣಿಜ್ಯ, ಯೋಗ, ಸಾಹಿತ್ಯ ಎಲ್ಲವೂ ಒಂದೇ ಸಮ್ಮೇಳನದ ವಿಷಯಗಳು. ಸ್ಥಳದ ಜಾಗದಲ್ಲಿ ಊರಿನ ಹೆಸರಿದೆ, ಸಭಾಂಗಣದ ಹೆಸರಿಲ್ಲ. ಹಣ ಹೋಗುವುದು ಸಂಸ್ಥೆಯ ಖಾತೆಗಲ್ಲ, ಯಾರದೋ ಸ್ವಂತ ಖಾತೆಗೆ. ಸಮಿತಿಯಲ್ಲಿ ಹೆಸರಿರುವ ಒಬ್ಬರಿಗೆ ಅವರ ಸಂಸ್ಥೆಯ ವಿಳಾಸಕ್ಕೇ ಮಿಂಚಂಚೆ ಬರೆದು ‘ತಾವು ಈ ಸಮಿತಿಯಲ್ಲಿದ್ದೀರಾ?’ ಎಂದು ಕೇಳಿ; ಅರ್ಧ ಸಂಶಯ ಅಲ್ಲೇ ತೀರುತ್ತದೆ. ಹಿಂದಿನ ವರ್ಷದ ಪ್ರಬಂಧ ಸಂಪುಟ ತೆರೆದು ಎರಡು ಲೇಖನ ಓದಿದರೆ ಉಳಿದದ್ದೂ ತೀರುತ್ತದೆ.

ಪಾಠವನ್ನು ಪ್ರಶ್ನೆಯಾಗಿಸುವುದು

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಹತ್ತನೇ ತರಗತಿಯ ‘ವಿಜ್ಞಾನ ಮತ್ತು ತಂತ್ರಜ್ಞಾನ’ ಮೊದಲ ಭಾಗದ ನಾಲ್ಕನೇ ಪಾಠ ವಿದ್ಯುತ್ ಪ್ರವಾಹದ ಪರಿಣಾಮಗಳದು. ಅದರೊಳಗೆ ವಿದ್ಯುತ್ ಮೋಟಾರ್ ಬರುತ್ತದೆ. ‘ಮೋಟಾರ್ ಪಾಠ ಕಷ್ಟ’ ಎನ್ನುವುದು ಗೊಣಗಾಟ. ಅದನ್ನು ಪ್ರಶ್ನೆಯಾಗಿಸಬೇಕು: ‘ಬಲದ ದಿಕ್ಕು ಹೇಳುವ ಫ್ಲೆಮಿಂಗನ ಎಡಗೈ ನಿಯಮ ತಪ್ಪಿಲ್ಲದೆ ಒಪ್ಪಿಸುವ ಮಕ್ಕಳು, ಸುರುಳಿ ಅರ್ಧ ಸುತ್ತು ತಿರುಗಿದ ಮೇಲೂ ಪ್ರವಾಹದ ದಿಕ್ಕು ಹಾಗೇ ಉಳಿದರೆ ಏನಾಗುತ್ತದೆ ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಅವರಿಗೆ ಗೊತ್ತಿಲ್ಲದಿರುವುದು ಬಲದ ದಿಕ್ಕೋ, ಅರ್ಧ ಸುತ್ತಿಗೊಮ್ಮೆ ಪ್ರವಾಹ ತಿರುಗಿಸುವ ದಿಕ್ಪರಿವರ್ತಕದ ಕೆಲಸವೋ?’

ಇಂಥ ಪ್ರಶ್ನೆಗೆ ಪುರಾವೆ ಬೇಕು. ಸಮ್ಮೇಳನಕ್ಕೆ ಎರಡು ತಿಂಗಳ ಮುಂಚೆ ಇದೊಂದೇ ಪ್ರಶ್ನೆಯನ್ನು ಕಾಗದದ ಮೇಲೆ, ಚಿತ್ರ ಬಿಡಿಸಲು ಜಾಗ ಬಿಟ್ಟು, ಇಡೀ ತರಗತಿಗೆ ಕೊಡಿ. ಅಂಕ ಇಲ್ಲ ಎಂದು ಮೊದಲೇ ಹೇಳಿ, ಹತ್ತು ನಿಮಿಷ ಸಾಕು. ಉತ್ತರಗಳನ್ನು ಸರಿ–ತಪ್ಪು ಎಂದು ಎರಡು ಮಾಡಬೇಡಿ. ‘ನಿಂತುಬಿಡುತ್ತದೆ’, ‘ಹಿಂದಕ್ಕೆ ತಿರುಗುತ್ತದೆ’, ‘ಹಾಗೇ ಸುತ್ತುತ್ತದೆ’, ‘ಅತ್ತಿಂದಿತ್ತ ತೂಗುತ್ತದೆ’ ಎಂದು ಅವರು ಹೇಳಿದ ಪ್ರಕಾರ ಗುಂಪು ಮಾಡಿ ಎಣಿಸಿ. ಹೆಸರು, ಹಾಜರಿ ಸಂಖ್ಯೆ ಮುಚ್ಚಿ ಐದಾರು ಉತ್ತರಗಳ ಫೋಟೊ ತೆಗೆದಿಡಿ. ಮುಖ್ಯೋಪಾಧ್ಯಾಯರಿಗೆ ತಿಳಿಸದೆ ಮಕ್ಕಳ ಬರಹವನ್ನಾಗಲಿ ಮುಖವನ್ನಾಗಲಿ ಹೊರಗೆ ತೋರಿಸಬಾರದು. ಮುಖದ ಫೋಟೊ ಆದರೆ ಪಾಲಕರ ಒಪ್ಪಿಗೆಯೂ ಬೇಕು.

ಅನುಮತಿ

ಅನುದಾನಿತ ಶಾಲೆಯಾದರೆ ಮುಖ್ಯೋಪಾಧ್ಯಾಯರ ಮೂಲಕ ಆಡಳಿತ ಮಂಡಳಿಗೆ, ಪಾಲಿಕೆ ಶಾಲೆಯಾದರೆ ಮುಖ್ಯೋಪಾಧ್ಯಾಯರ ಮೂಲಕವೇ ಮೇಲಿನ ಶಿಕ್ಷಣ ಕಚೇರಿಗೆ ಅರ್ಜಿ ಹೋಗಬೇಕು. ಕರ್ತವ್ಯದ ಮೇರೆಗೆ ರಜೆ ಬೇಕು ಎಂದು ಸ್ಪಷ್ಟವಾಗಿ ಬರೆಯಿರಿ. ಬರೀ ‘ರಜೆ’ ಎಂದರೆ ಸಾಂದರ್ಭಿಕ ರಜೆಯಲ್ಲಿ ಕಳೆದುಬಿಡುತ್ತಾರೆ. ಅರ್ಜಿಗೆ ಆಹ್ವಾನಪತ್ರ ಅಥವಾ ಸ್ವೀಕೃತಿಯ ಪ್ರತಿ, ಕಾರ್ಯಕ್ರಮ ಪಟ್ಟಿ, ಆ ದಿನಗಳ ನಿಮ್ಮ ಪಿರಿಯಡ್‌ಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂಬ ಒಂದು ಚೀಟಿ ಲಗತ್ತಿಸಿ. ಆ ಚೀಟಿಯಲ್ಲಿ ಬದಲಿ ಶಿಕ್ಷಕರ ಸಹಿ ಇದ್ದರೆ ಅರ್ಧ ಕೆಲಸ ಆದ ಹಾಗೆ.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆಯ ಕಾರ್ಯಕ್ರಮಗಳಲ್ಲಿ ಭಾಗವಹಿಸಬೇಕು ಎನ್ನುತ್ತದೆ. ಈ ಸಾಲನ್ನು ಅರ್ಜಿಯಲ್ಲಿ ಬಳಸಿಕೊಳ್ಳಿ. ಹಾಗೆಯೇ ಪ್ರಮಾಣಪತ್ರದಲ್ಲಿ ಗಂಟೆಗಳ ಉಲ್ಲೇಖ ಇರುತ್ತದೆಯೇ ಎಂದು ಸಂಘಟಕರನ್ನು ಮೊದಲೇ ಕೇಳಿ. ಡಿಸೆಂಬರ್–ಜನವರಿಯಲ್ಲಿ ಹತ್ತನೆಯವರ ಪೂರ್ವಸಿದ್ಧತಾ ಪರೀಕ್ಷೆ, ಚುನಾವಣೆ ಇದ್ದರೆ ಆ ಕೆಲಸ, ಇವು ಅಡ್ಡ ಬರುತ್ತವೆ. ಚುನಾವಣೆ ಆದೇಶ ಬಂದರೆ ಸಮ್ಮೇಳನ ಮರೆತುಬಿಡಿ. ಆದ್ದರಿಂದ ನೋಂದಣಿ ಶುಲ್ಕ ವಾಪಸಿನ ನಿಯಮ ಓದಿಕೊಂಡೇ ಹಣ ಕಟ್ಟುವುದು ಒಳ್ಳೆಯದು.

ಸಾರಾಂಶ ಬರೆಯುವುದು

ಸಾಮಾನ್ಯವಾಗಿ 250ರಿಂದ 300 ಪದ ಕೇಳುತ್ತಾರೆ, ಇಂಗ್ಲಿಷಿನಲ್ಲಿ. ನೇರವಾಗಿ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ‘ಇಂದಿನ ಯುಗದಲ್ಲಿ ವಿಜ್ಞಾನದ ಮಹತ್ವ’ ಎಂಬಂಥ ಸಾಲುಗಳೇ ಮೊದಲು ಬರುತ್ತವೆ. ಅದಕ್ಕೆ ಕನ್ನಡದಲ್ಲಿ ಐದು ವಾಕ್ಯ ಬರೆದುಕೊಳ್ಳಿ: ಯಾವ ತರಗತಿ, ಎಷ್ಟು ಮಕ್ಕಳು; ತೊಡಕು ಏನು; ಏನು ಮಾಡಿದಿರಿ; ಸಂಖ್ಯೆಯಲ್ಲಿ ಏನಾಯಿತು; ಇನ್ನೂ ಏನು ತಿಳಿದಿಲ್ಲ. ಕೊನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪರಿಶೀಲಕರ ಕಣ್ಣಿಗೆ ಬೀಳುವುದು ಅದೇ.

‘ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು’ ಎಂಬುದು ಫಲಿತಾಂಶ ಅಲ್ಲ. ತರಗತಿಯಲ್ಲಿ ನೀವು ಮಾಡಿಸಿದ ಚಟುವಟಿಕೆಗೆ ಮುಂಚೆ ಎಷ್ಟು ಜನ ‘ತೂಗುತ್ತದೆ’ ಎಂದರು, ಆಮೇಲೆ ಎಷ್ಟು ಜನ, ಇಷ್ಟು ಹೇಳಿದರೆ ಸಾಕು. ಒಂದೇ ತರಗತಿಯ ಲೆಕ್ಕದಿಂದ ಎಲ್ಲ ಮಕ್ಕಳ ಬಗ್ಗೆ ತೀರ್ಪು ಕೊಡಬೇಡಿ.

ನಿಮ್ಮ ಹೆಸರಿನ ಇಂಗ್ಲಿಷ್ ಕಾಗುಣಿತ ಸೇವಾ ಪುಸ್ತಕದಲ್ಲಿ ಇರುವಂತೆಯೇ ಇರಲಿ. ‘ಶೆಟ್ಟಿ’ಯನ್ನೋ ‘ಪೂಜಾರಿ’ಯನ್ನೋ ಅಲ್ಲೊಂದು ಇಲ್ಲೊಂದು ರೀತಿ ಬರೆದು, ಬಡ್ತಿಯ ಹೊತ್ತಿಗೆ ಪ್ರಮಾಣಪತ್ರ ನಿಮ್ಮದೇ ಎಂದು ಸಾಬೀತು ಮಾಡುತ್ತ ಕೂರುವ ಫಜೀತಿ ಬೇಡ.

ಪೋಸ್ಟರ್: ಇಲ್ಲೇ ಹೆಚ್ಚು ಎಡವುವುದು

ಮೊದಲ ಸಲ ಭಾಷಣಕ್ಕಿಂತ ಪೋಸ್ಟರ್ ಒಳ್ಳೆಯದು. ಹದಿನೈದು ನಿಮಿಷದ ಪ್ರಬಂಧಕ್ಕೆ ಎರಡು ಪ್ರಶ್ನೆ ಬಂದರೆ ಹೆಚ್ಚು. ಪೋಸ್ಟರ್ ಮುಂದೆ ಒಂದೂವರೆ ಗಂಟೆ ನಿಂತರೆ ಒಬ್ಬೊಬ್ಬರೇ ಬಂದು ಮಾತಾಡುತ್ತಾರೆ.

ಅಳತೆ ಸಾಮಾನ್ಯವಾಗಿ ಎ0 (84.1 × 118.9 ಸೆಂ.ಮೀ.) ಅಥವಾ ಎ1 (59.4 × 84.1 ಸೆಂ.ಮೀ.). ಅಳತೆಗಿಂತ ಮುಖ್ಯವಾದದ್ದು ನಿಲುವೋ ಅಡ್ಡವೋ ಎಂಬುದು. ಫಲಕ ನಿಲುವಾಗಿದ್ದು ಪೋಸ್ಟರ್ ಅಡ್ಡವಾಗಿದ್ದರೆ ಎರಡೂ ಬದಿ ಮಡಚಿ ಅಂಟಿಸಬೇಕಾಗುತ್ತದೆ, ಮಡಚಿದ ಕಡೆಯೇ ಫಲಿತಾಂಶ ಇರುತ್ತದೆ. ಸೂಚನೆಯಲ್ಲಿ ಸ್ಪಷ್ಟವಿಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಒಟ್ಟು ಪದಗಳು 300–400 ದಾಟಬಾರದು. ಎ0ಗೆ ಶೀರ್ಷಿಕೆ 90 ಪಾಯಿಂಟ್ ಹತ್ತಿರ, ಒಳಗಿನ ಬರಹ 28ರಿಂದ 32 ಪಾಯಿಂಟ್. ಕನ್ನಡದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುವುದರಿಂದ ಸಾಲುಗಳ ಅಂತರ ಇಂಗ್ಲಿಷಿಗಿಂತ ಹೆಚ್ಚು ಬೇಕು, 1.3ರಿಂದ 1.4 ಇಡಿ. ಶೀರ್ಷಿಕೆ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಇರಲಿ. ವಿವರಣೆ ಇಂಗ್ಲಿಷಿನಲ್ಲಿ, ಮಕ್ಕಳ ಉತ್ತರಗಳು ಅವರದೇ ಕೈಬರಹದಲ್ಲಿ, ಕೆಳಗೆ ಒಂದು ಸಾಲಿನ ತಾತ್ಪರ್ಯ. ಕನ್ನಡ ಓದಲು ಬಾರದವರೂ ಆ ಕೈಬರಹದ ಮುಂದೆ ನಿಲ್ಲುತ್ತಾರೆ, ಮಗು ಬರೆದ ಚಿತ್ರಕ್ಕೆ ಭಾಷೆ ಬೇಕಿಲ್ಲವಲ್ಲ.

ಮುಂಬಯಿಯ ಮುದ್ರಣದ ಅಂಗಡಿಯಲ್ಲಿ ಕನ್ನಡ ಕೆಡುವುದು ಎರಡು ರೀತಿ. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಅಕ್ಷರಶೈಲಿಯಲ್ಲಿ ಟೈಪಿಸಿದ್ದರೆ ಆ ಶೈಲಿ ಅಂಗಡಿಯ ಕಂಪ್ಯೂಟರಿನಲ್ಲಿ ಇಲ್ಲದೆ ಇಡೀ ಬರಹ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪಿಸಿದ್ದರೂ, ವಿನ್ಯಾಸದ ಹಳೆಯ ತಂತ್ರಾಂಶಕ್ಕೆ ಭಾರತೀಯ ಲಿಪಿಗಳನ್ನು ಜೋಡಿಸಲು ಬಾರದೆ ಒತ್ತುಗಳು ಬಿಡಿಬಿಡಿಯಾಗುತ್ತವೆ. ‘ವಿದ್ಯುತ್ಕಾಂತ’ ಎಂಬುದು ‘ವಿದ್‌ಯುತ್‌ಕಾಂತ’ ಆಗುತ್ತದೆ, ‘ಘರ್ಷಣೆ’ಯ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಅಂಗಡಿಯವರು ಮರಾಠಿಯವರೋ ಗುಜರಾತಿಯವರೋ ಆಗಿದ್ದರೆ ತಪ್ಪು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಪರಿಹಾರ ಸರಳ. ಯೂನಿಕೋಡ್‌ನಲ್ಲೇ ಟೈಪಿಸಿ, ನೋಟೋ ಸಾನ್ಸ್ ಕನ್ನಡದಂಥ ಉಚಿತ ಅಕ್ಷರಶೈಲಿ ಸಾಕು. ಮನೆಯ ಕಂಪ್ಯೂಟರಿನಲ್ಲೇ ಪಿ.ಡಿ.ಎಫ್. ಮಾಡಿ, ಅಕ್ಷರಶೈಲಿ ಕಡತದೊಳಗೇ ಸೇರಿದೆಯೇ ನೋಡಿ. ಅಂಗಡಿಯವರಿಗೆ ಪಿ.ಡಿ.ಎಫ್. ಮಾತ್ರ ಕೊಡಿ, ತಿದ್ದಬಹುದಾದ ಕಡತ ಕೊಡಲೇಬೇಡಿ. ‘ಸ್ವಲ್ಪ ಬಣ್ಣ ಸರಿ ಮಾಡುತ್ತೇನೆ’ ಎಂದು ಅದನ್ನು ತೆರೆದರೆ ಮತ್ತೆ ಕತೆ ಮೊದಲಿನಿಂದ. ದೊಡ್ಡ ಮುದ್ರಣಕ್ಕೆ ಮುಂಚೆ ಅದೇ ಕಡತವನ್ನು ಎ4 ಹಾಳೆಯಲ್ಲಿ ತೆಗೆಸಿ ಒಂದೊಂದು ಒತ್ತಕ್ಷರವನ್ನೂ ಓದಿ. ಎ4ನಲ್ಲಿ ಕಷ್ಟಪಟ್ಟಾದರೂ ಓದಲು ಬಂದರೆ ಎ0ನಲ್ಲಿ ಎರಡು ಮೀಟರ್ ದೂರದಿಂದ ಕಾಣುತ್ತದೆ.

ಫ್ಲೆಕ್ಸ್ ಅಗ್ಗ. ಆದರೆ ಭಾರ, ತುದಿಗಳು ಸುರುಳಿಯಾಗಿ ಏಳುತ್ತವೆ, ದೀಪದ ಬೆಳಕಿಗೆ ಹೊಳೆಯುತ್ತದೆ. ಕಾಗದದಲ್ಲಿ ಮುದ್ರಣ ಚೆನ್ನ, ಆದರೆ ಮೂರಡಿ ಕೊಳವೆ ಹೊತ್ತು ಬೆಳಗಿನ ಲೋಕಲ್ ಹತ್ತಿದರೆ ಪಕ್ಕದವರ ಬೈಗುಳ ಕೇಳಬೇಕು. ಬಟ್ಟೆಯ ಮೇಲಿನ ಮುದ್ರಣ ಸ್ವಲ್ಪ ದುಬಾರಿಯಾದರೂ ಮಡಚಿ ಚೀಲಕ್ಕೆ ಹಾಕಬಹುದು, ಮರುವರ್ಷ ಶಾಲೆಯ ಗೋಡೆಗೂ ಬರುತ್ತದೆ. ಗುಂಡುಪಿನ್ನು, ಎರಡೂ ಬದಿ ಅಂಟುವ ಟೇಪು, ಸಣ್ಣ ಕತ್ತರಿ ನಿಮ್ಮದೇ ಒಯ್ಯಿರಿ.

ಪ್ರಬಂಧ ಓದುವವರಿಗೂ ಇದೇ ಅಕ್ಷರದ ಕಾಟ. ಸಂಘಟಕರ ಲ್ಯಾಪ್‌ಟಾಪಿನಲ್ಲಿ ಕನ್ನಡ ಚೌಕಗಳಾಗಿ ಕಾಣಬಹುದು. ಸ್ಲೈಡುಗಳ ಪಿ.ಡಿ.ಎಫ್. ಪ್ರತಿ ಮತ್ತು ವೀಡಿಯೊವನ್ನು ಬೇರೆ ಕಡತವಾಗಿ ಪೆನ್‌ಡ್ರೈವಿನಲ್ಲಿಡಿ. ಹದಿನೈದು ನಿಮಿಷಕ್ಕೆ ಹನ್ನೆರಡು ಸ್ಲೈಡ್ ಮಿತಿ.

ಪ್ರಾತ್ಯಕ್ಷಿಕೆ ಇದ್ದರೆ

ಮೇಲೆ ಹೇಳಿದ ಮೋಟಾರ್ ಪಾಠಕ್ಕೆ ಪುಣೆಯ ಖಗೋಳ ವಿಜ್ಞಾನ ಸಂಸ್ಥೆ ಐಯುಕಾದ ಮುಕ್ತಾಂಗಣ ವಿಜ್ಞಾನ ಕೇಂದ್ರದಲ್ಲಿದ್ದ ಅರವಿಂದ ಗುಪ್ತಾ ಜನಪ್ರಿಯಗೊಳಿಸಿದ ಸರಳ ಮೋಟಾರಿಗಿಂತ ಒಳ್ಳೆಯ ಸಾಧನ ಇಲ್ಲ. ಒಂದು ಜೋಡಣೆಗೆ ಬೇಕಾದ್ದು: 1.5 ವೋಲ್ಟಿನ ದೊಡ್ಡ ಸೆಲ್ ಒಂದು, ಎನಾಮಲ್ ಲೇಪದ 26 ಗೇಜ್ ತಾಮ್ರದ ತಂತಿ ಒಂದು ಮೀಟರ್, ಸೇಫ್ಟಿ ಪಿನ್ ಎರಡು, ಫೆರೈಟ್ ಆಯಸ್ಕಾಂತ ಒಂದು, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿ ಒಂದು. ತಂತಿ ಲೋಹಾರ್ ಚಾಳ್‌ನಲ್ಲಿ, ಆಯಸ್ಕಾಂತ ಲ್ಯಾಮಿಂಗ್ಟನ್ ರೋಡಿನಲ್ಲಿ ಹುಡುಕಿ. ಪುಣೆಯವರು ಬುಧವಾರ ಪೇಟೆಗೆ ಹೋಗಬಹುದು. ಹಾಳಾದ ಸ್ಪೀಕರಿನ ಆಯಸ್ಕಾಂತವೂ ನಡೆಯುತ್ತದೆ.

1. ತಂತಿಯನ್ನು ಸೆಲ್ಲಿನ ಮೇಲೆಯೇ ಎಂಟು ಸುತ್ತು ಸುತ್ತಿ, ಮೆಲ್ಲಗೆ ಜಾರಿಸಿ ತೆಗೆಯಿರಿ. ಎದುರುಬದುರಾಗಿ ನಾಲ್ಕು ಸೆಂ.ಮೀ. ತುದಿ ಬಿಟ್ಟು, ಅದೇ ತುದಿಯಿಂದ ಎರಡು ಸುತ್ತು ಬಿಗಿದು ಸುರುಳಿಯನ್ನು ಕಟ್ಟಿ.

2. ಒಂದು ತುದಿಯ ಎನಾಮಲನ್ನು ಸುತ್ತಲೂ ಕೆರೆದು ತೆಗೆಯಿರಿ.

3. ಸುರುಳಿಯನ್ನು ಮೇಜಿನ ಅಂಚಿನಲ್ಲಿ ನೆಟ್ಟಗೆ ಹಿಡಿದು, ಇನ್ನೊಂದು ತುದಿಯನ್ನು ಮೇಜಿನ ಮೇಲೆ ಮಲಗಿಸಿ, ಮೇಲಿನ ಅರ್ಧ ಭಾಗ ಮಾತ್ರ ಕೆರೆಯಿರಿ. ಕೆಳಗಿನ ಅರ್ಧದ ಲೇಪ ಹಾಗೇ ಉಳಿಯಬೇಕು.

4. ಪಿನ್ನುಗಳನ್ನು ಸೆಲ್ಲಿನ ಎರಡು ತುದಿಗೆ ರಬ್ಬರಿನಿಂದ ಕಟ್ಟಿ, ಪಿನ್ನಿನ ಕಣ್ಣುಗಳಲ್ಲಿ ಸುರುಳಿ ಕೂರಿಸಿ, ಆಯಸ್ಕಾಂತವನ್ನು ಸೆಲ್ಲಿನ ಮೇಲೆ ಇಟ್ಟು ಮೆಲ್ಲಗೆ ಒಂದು ತಳ್ಳು ಕೊಡಿ.

ಮೂರನೇ ಹಂತವೇ ಇಡೀ ಪಾಠ. ಎರಡೂ ತುದಿ ಪೂರ್ತಿ ಕೆರೆದರೆ ಪ್ರವಾಹ ಸದಾ ಒಂದೇ ದಿಕ್ಕಿನಲ್ಲಿ ಹರಿದು, ಮೊದಲರ್ಧ ಸುತ್ತಿನಲ್ಲಿ ತಳ್ಳಿದ ಬಲವೇ ಉಳಿದರ್ಧದಲ್ಲಿ ತಡೆಯುತ್ತದೆ. ಸುರುಳಿ ತೂಗಾಡಿ ನಿಲ್ಲುತ್ತದೆ. ಅರ್ಧ ಲೇಪ ಉಳಿಸಿದರೆ ತಡೆಯುವ ಹೊತ್ತಿಗೆ ಪ್ರವಾಹ ಕಡಿಯುತ್ತದೆ, ಬಂದ ವೇಗದಲ್ಲೇ ಸುರುಳಿ ಸುತ್ತು ಮುಗಿಸುತ್ತದೆ. ದಿಕ್ಪರಿವರ್ತಕ ಪ್ರವಾಹವನ್ನು ತಿರುಗಿಸುತ್ತದೆ, ಇಲ್ಲಿ ಬರೀ ಕಡಿಯುತ್ತದೆ; ಈ ವ್ಯತ್ಯಾಸ ನೀವಾಗಿಯೇ ಹೇಳದಿದ್ದರೆ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಸಮ್ಮೇಳನಕ್ಕೆ ಎರಡೂ ಬಗೆಯ ಸುರುಳಿ ಒಯ್ಯಿರಿ. ತೂಗಾಡಿ ನಿಲ್ಲುವ ಸುರುಳಿಯನ್ನೇ ಮೊದಲು ತೋರಿಸಿ, ಕಾರಣ ಅವರ ಬಾಯಿಂದ ಬರಲಿ.

ತಿರುಗದಿದ್ದರೆ ಮೊದಲು ಕೆರೆದ ಜಾಗ ನೋಡಿ, ಹತ್ತರಲ್ಲಿ ಎಂಟು ಸಲ ಲೇಪ ಪೂರ್ತಿ ಹೋಗಿರುವುದಿಲ್ಲ. ಆಮೇಲೆ ಎರಡು ತುದಿಗಳು ಒಂದೇ ಗೆರೆಯಲ್ಲಿವೆಯೇ ಎಂದು ನೋಡಿ. ಮುಂಬಯಿಯ ಗಾಳಿಯಲ್ಲಿ ಕೆರೆದ ತಾಮ್ರವೂ ಪಿನ್ನೂ ಬೇಗ ಮಾಸುತ್ತವೆ, ಮರಳುಕಾಗದದ ತುಂಡು ಜೇಬಿನಲ್ಲಿರಲಿ. ಒಂದು ಮೀಟರ್ ತಂತಿಯ ರೋಧ ಒಂದು ಓಮಿನ ಹತ್ತನೇ ಒಂದು ಭಾಗದಷ್ಟೇ ಇರುವುದರಿಂದ ಸುರುಳಿ ನಿಂತಿರುವಾಗ ಪಿನ್ನಿನಲ್ಲೇ ಬಿಟ್ಟರೆ ಸೆಲ್ಲೂ ತಂತಿಯೂ ಬಿಸಿಯಾಗುತ್ತವೆ. ತೋರಿಸಿ ಮುಗಿದೊಡನೆ ತೆಗೆಯಿರಿ. ಐದು ಜೋಡಣೆ, ಅದರ ಎರಡರಷ್ಟು ಸೆಲ್ ಇದ್ದರೆ ಅರ್ಧ ಗಂಟೆಯ ಪ್ರಾತ್ಯಕ್ಷಿಕೆ ನಿರಾತಂಕ.

ರಸಾಯನಶಾಸ್ತ್ರದವರಿಗೆ ಒಂದು ಎಚ್ಚರಿಕೆ. ಆಮ್ಲ, ಸ್ಪಿರಿಟ್ ಮುಂತಾದ ಅಪಾಯಕಾರಿ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದು ಅಪರಾಧ. ಬೇಕಾದ ರಾಸಾಯನಿಕಗಳ ಪಟ್ಟಿಯನ್ನು ಸಾಂದ್ರತೆ, ಪ್ರಮಾಣದೊಂದಿಗೆ ಎರಡು ವಾರ ಮುಂಚೆ ಸಂಘಟಕರಿಗೆ ಕಳಿಸಿ. ‘ಸ್ವಲ್ಪ ಆಮ್ಲ’ ಎಂದು ಬರೆದರೆ ಸಾಂದ್ರ ಆಮ್ಲದ ಸೀಸೆಯೇ ಮೇಜಿಗೆ ಬಂದೀತು. ವಿಮಾನದಲ್ಲಿ ಬರುವವರು ಪವರ್‌ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಕತ್ತರಿ, ಸ್ಕ್ರೂಡ್ರೈವರ್ ಚೆಕ್-ಇನ್ ಸಾಮಾನಿಗೆ ಹಾಕಿ. ಪಾದರಸದ ಉಷ್ಣಮಾಪಕ ಮನೆಯಲ್ಲೇ ಇರಲಿ.

ತಲುಪುವುದು

ಊರಿನಿಂದ ಬರುವವರು ರೈಲು ಟಿಕೆಟನ್ನು 60 ದಿನ ಮುಂಚೆಯಿಂದ ಕಾದಿರಿಸಬಹುದು. ಡಿಸೆಂಬರ್ ಕೊನೆಯ ಸಮ್ಮೇಳನವಾದರೆ ಕೊಂಕಣ ರೈಲ್ವೆಯ ಗಾಡಿಗಳು ಕ್ರಿಸ್‌ಮಸ್, ಹೊಸವರ್ಷದ ಜನಕ್ಕೆ ಮೊದಲ ದಿನವೇ ತುಂಬುತ್ತವೆ. ಮಂಗಳೂರು, ಉಡುಪಿ ಕಡೆಯಿಂದ ಮತ್ಸ್ಯಗಂಧ ಹಿಡಿದರೆ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿಯುತ್ತೀರಿ. ಮಾನಖುರ್ದ್‌ಗೆ ಇದೇ ಅನುಕೂಲ: ಹತ್ತಿರದ ತಿಲಕ್‌ನಗರ ಸ್ಟೇಷನ್ನಿಗೆ ನಡೆದು ಹಾರ್ಬರ್ ಲೈನಿನ ವಾಶಿ ಅಥವಾ ಪನ್ವೇಲ್ ಗಾಡಿ ಹತ್ತಿ, ಚೆಂಬೂರು, ಗೋವಂಡಿ, ಮೂರನೆಯದೇ ಮಾನಖುರ್ದ್. ಬೆಂಗಳೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿಗೆ (ಸಿ.ಎಸ್.ಎಂ.ಟಿ.) ಬಂದವರಿಗೆ ಅಲ್ಲಿಂದಲೇ ಪನ್ವೇಲ್ ಗಾಡಿ ಇದೆ.

ಠಾಣೆಯವರು ಕುರ್ಲಾ ತನಕ ಹೋಗಿ ಬದಲಿಸುವ ಬದಲು ಟ್ರಾನ್ಸ್‌ಹಾರ್ಬರ್ ಗಾಡಿಯಲ್ಲಿ ವಾಶಿಗೆ ಹೋಗಿ ಹಿಂದಕ್ಕೆ ಒಂದು ಸ್ಟೇಷನ್ ಬರಬಹುದು. ಖಾಡಿ ದಾಟಿದರೆ ಮಾನಖುರ್ದ್. ಡೊಂಬಿವಲಿ, ಕಲ್ಯಾಣದವರಿಗೆ ಕುರ್ಲಾವೇ ಸರಿ. ಅಂಧೇರಿ ಕಡೆಯವರು ವಡಾಲಾದಲ್ಲಿ ಬದಲಿಸಬಹುದು. ಪುಣೆಯವರು ಬೆಳಗಿನ ಡೆಕ್ಕನ್ ಕ್ವೀನ್ ನಂಬಿದರೆ ಮುಂಬಯಿ ಸೇರುವಾಗ ಹತ್ತು ಗಂಟೆ ದಾಟಿರುತ್ತದೆ, ಉದ್ಘಾಟನೆ ಮಾತ್ರವಲ್ಲ, ಮೊದಲ ಮುಖ್ಯ ಉಪನ್ಯಾಸವೂ ತಪ್ಪುತ್ತದೆ. ಉದ್ಘಾಟನೆ ತಪ್ಪಿದರೆ ಅಂಥ ನಷ್ಟವೇನಿಲ್ಲ, ಉಪನ್ಯಾಸ ತಪ್ಪಿಸಬಾರದು. ಹಿಂದಿನ ಸಂಜೆಯೇ ಬನ್ನಿ.

ಸಮ್ಮೇಳನದಲ್ಲಿ ಭಾನುವಾರ ಬಂದರೆ ಮೆಗಾಬ್ಲಾಕ್ ನೆನಪಿರಲಿ. ದುರಸ್ತಿಗೆಂದು ಹಗಲಿನ ನಾಲ್ಕೈದು ಗಂಟೆ ಹಾರ್ಬರ್ ಗಾಡಿಗಳನ್ನೇ ನಿಲ್ಲಿಸಿರುವುದುಂಟು. ಶನಿವಾರವೇ ಪ್ರಕಟಣೆ ನೋಡಿ, ಬೆಳಿಗ್ಗೆ ಬೇಗ ತಲುಪಿಬಿಡಿ. ಸ್ಟೇಷನ್ನಿನಿಂದ ರಿಕ್ಷಾದವರಿಗೆ ‘ಅಣುಶಕ್ತಿನಗರ ಬಸ್ ಡಿಪೋ ಹತ್ತಿರ, ಹೋಮಿ ಭಾಭಾ ಸೆಂಟರ್’ ಎನ್ನಿ. ‘ಭಾಭಾ’ ಎಂದಷ್ಟೇ ಹೇಳಿದರೆ ಭಾಭಾ ಪರಮಾಣು ಸಂಶೋಧನಾ ಕೇಂದ್ರದ (ಬಿ.ಎ.ಆರ್.ಸಿ.) ಗೇಟಿಗೆ ಒಯ್ದಾರು. ಫೋಟೊ ಇರುವ ಗುರುತಿನ ಚೀಟಿ ಮೂಲಪ್ರತಿ ಜೊತೆಗಿರಲಿ. ರಿಕ್ಷಾಗಳು ಸಾಯನ್ ದಾಟಿ ದಕ್ಷಿಣಕ್ಕೆ ಹೋಗುವುದಿಲ್ಲ, ಅಲ್ಲಿಂದಾಚೆ ಟ್ಯಾಕ್ಸಿ.

ರಾತ್ರಿಯ ಊಟಕ್ಕೆ ಮಾಟುಂಗಾ ಕಡೆ ಹೋಗಬೇಕೆನ್ನುವವರು ಕುರ್ಲಾದಲ್ಲಿ ಬದಲಿಸಿ ಸೆಂಟ್ರಲ್ ಲೈನಿನ ಸ್ಲೋ ಗಾಡಿ ಹಿಡಿಯಬೇಕು. ಸ್ಟೇಷನ್ ಎದುರಿಗೇ ರಾಮನಾಯಕರ ಉಡುಪಿ ಊಟ ಇದೆ.

ಅಲ್ಲಿನ ಮೂರು ದಿನ

ಮೊದಲ ಬೆಳಿಗ್ಗೆ ನೋಂದಣಿ ಮೇಜಿನಲ್ಲಿ ಎರಡು ಕೆಲಸ: ಹೆಸರಿನ ಕಾಗುಣಿತ ನೋಡುವುದು, ಕಾರ್ಯಾಗಾರಗಳಿಗೆ ಹೆಸರು ಬರೆಸುವುದು. ಕಾರ್ಯಾಗಾರದಲ್ಲಿ ಸ್ಥಳ ಕಡಿಮೆ, ಚಹಾ ಕುಡಿದು ಬರುವಷ್ಟರಲ್ಲಿ ಮುಗಿದಿರುತ್ತದೆ.

ಆಮೇಲೆ ಕಾರ್ಯಕ್ರಮ ಪಟ್ಟಿ ತೆಗೆದು ನಿಮ್ಮ ಪ್ರಶ್ನೆಗೆ ತಾಗುವ ನಾಲ್ಕೈದು ಕಡೆ ಮಾತ್ರ ಗುರುತು ಹಾಕಿ. ಒಂದೇ ಹೊತ್ತಿಗೆ ಮೂರು ಕೋಣೆಗಳಲ್ಲಿ ಗೋಷ್ಠಿ ಇರುತ್ತದೆ, ಎಲ್ಲ ಕೇಳಲು ಸಾಧ್ಯವಿಲ್ಲ, ಕೇಳಲೂ ಬಾರದು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದಾದರೆ ಎರಡು ಪ್ರಬಂಧಗಳ ನಡುವೆ ಏಳಿ. ಇಬ್ಬರು ಸಹೋದ್ಯೋಗಿಗಳು ಹೋಗಿದ್ದರೆ ಬೇರೆ ಬೇರೆ ಕೋಣೆಗೆ ಹೋಗಿ. ಜೊತೆಗೇ ಕೂರುವುದಾದರೆ ಇಬ್ಬರು ಬಂದ ಪ್ರಯೋಜನವೇನು? ಮಧ್ಯಾಹ್ನದ ಮೊದಲ ಗೋಷ್ಠಿಗೆ ನಿದ್ದೆ ಬರುತ್ತದೆ. ಆ ಹೊತ್ತಿಗೆ ಪೋಸ್ಟರ್ ಅಥವಾ ಪ್ರದರ್ಶನ ನೋಡಿ, ನಿಂತಿರುವವರಿಗೆ ತೂಕಡಿಕೆ ಇಲ್ಲ.

ಟಿಪ್ಪಣಿ ಪುಸ್ತಕದ ಪುಟವನ್ನು ಮೂರು ಮಾಡಿ: ಅವರು ಏನು ಹೇಳಿದರು, ಯಾವ ಸಾಮಾನು ಅಥವಾ ಸಂಖ್ಯೆ, ನಮ್ಮ ಯಾವ ಪಾಠಕ್ಕೆ. ಮೂರನೇ ಕಾಲಮಿನಲ್ಲಿ ಏನೂ ಬರೆಯಲು ಇಲ್ಲದಿದ್ದರೆ ಮೊದಲೆರಡನ್ನೂ ಉದ್ದ ಬರೆಯಬೇಕಿಲ್ಲ. ಸ್ಲೈಡಿನ ಫೋಟೊ ತೆಗೆಯುವ ಮುನ್ನ ಕೇಳಿ. ಪ್ರಕಟವಾಗದ ಸಂಶೋಧನೆಯಾದರೆ ಕೆಲವರಿಗೆ ಇಷ್ಟವಾಗುವುದಿಲ್ಲ.

ಪ್ರಶ್ನೆ ಕೇಳಲು ಅರ್ಧ ನಿಮಿಷ ಸಾಕು. ಯಾವ ತರಗತಿ, ಏನು ಮಾಡಿದೆ, ಏನಾಯಿತು, ಏನು ತಿಳಿಯಬೇಕು. ‘ನಮಸ್ಕಾರ ಮೇಡಂ, ಹತ್ತನೇ ತರಗತಿ, ಕನ್ನಡ ಮಾಧ್ಯಮ. ಎರಡೂ ತುದಿ ಕೆರೆದ ಸುರುಳಿ ತೋರಿಸಿದ ಮೇಲೂ ಕೆಲವರು ಸೆಲ್ ಮುಗಿದಿದೆ ಎನ್ನುತ್ತಾರೆ. ಸೆಲ್ ಸರಿಯಿದೆ ಎಂದು ನಾವೇ ಹೇಳದೆ ಅವರೇ ಕಂಡುಕೊಳ್ಳುವಂತೆ ಮಾಡುವುದು ಹೇಗೆ?’ ಇದನ್ನು ಹಿಂದಿಯಲ್ಲೋ ಮರಾಠಿಯಲ್ಲೋ ಕೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಇಂಗ್ಲಿಷ್ ತಡವರಿಸುತ್ತದೆ ಎಂದು ಬಾಯಿ ಮುಚ್ಚಿ ಕೂರುವುದೇ ಹೆಚ್ಚು ನಷ್ಟ. ಪ್ರಶ್ನೆಯ ಹೆಸರಿನಲ್ಲಿ ಉಪನ್ಯಾಸಕರನ್ನು ಹೊಗಳಿ ಮೂರು ನಿಮಿಷ ಭಾಷಣ ಮಾಡುವವರು ಪ್ರತಿ ಸಮ್ಮೇಳನದಲ್ಲೂ ಇಬ್ಬರು ಇರುತ್ತಾರೆ, ಮೂರನೆಯವರು ನೀವಾಗಬೇಡಿ.

ಪೋಸ್ಟರ್ ಮುಂದೆ ನಿಂತಾಗ ಬಂದವರಿಗೆ ಇಡೀ ಪೋಸ್ಟರ್ ಓದಿ ಹೇಳಬೇಡಿ. ಒಂದು ಮಗುವಿನ ಉತ್ತರ ತೋರಿಸಿ ‘ಈ ಮಗು ಏನು ಯೋಚಿಸಿರಬಹುದು?’ ಎಂದು ಕೇಳಿ. ಅವರು ಕೊಟ್ಟ ಸಲಹೆಯನ್ನು ಅಲ್ಲೇ ಬರೆದುಕೊಳ್ಳಿ, ಹೆಸರು, ಊರು, ಮಿಂಚಂಚೆ ಸಹಿತ. ಒಂದು ಪುಟದ ಸಾರಾಂಶದ 30–40 ಪ್ರತಿ ಇಟ್ಟುಕೊಂಡರೆ ಹಂಚಲು ಆಗುತ್ತದೆ.

ಮರಳುವ ಗಾಡಿ ರಾತ್ರಿಯದಾಗಿದ್ದರೆ ಅರ್ಧ ದಿನ ವರ್ಳಿಯ ನೆಹರೂ ವಿಜ್ಞಾನ ಕೇಂದ್ರಕ್ಕೆ ಕೊಡಬಹುದು. ಸಮ್ಮೇಳನ ಪುಣೆಯಲ್ಲಾದರೆ ಐಯುಕಾ ಆವರಣದ ಮುಕ್ತಾಂಗಣಕ್ಕೆ ಮೊದಲೇ ತಿಳಿಸಿ ಹೋಗಿ. ಗೋವಾದಲ್ಲಾದರೆ ಮಿರಾಮಾರಿನ ವಿಜ್ಞಾನ ಕೇಂದ್ರ ಇದೆ.

ಬಂದ ಮೇಲೆ

ಪ್ರಮಾಣಪತ್ರ, ಹಾಜರಿ ಪತ್ರ, ಶುಲ್ಕದ ರಸೀದಿ, ಟಿಕೆಟ್ಟುಗಳು ಒಂದೇ ಲಕೋಟೆಯಲ್ಲಿರಲಿ. ಯು.ಪಿ.ಐ. ಪಾವತಿಯ ಸ್ಕ್ರೀನ್‌ಶಾಟ್ ರಸೀದಿ ಅಲ್ಲ. ಸಂಘಟಕರ ಮುದ್ರೆಯ ರಸೀದಿ ಕೊನೆಯ ದಿನವೇ ಕೇಳಿ ತೆಗೆದುಕೊಳ್ಳಿ, ಆಮೇಲೆ ಯಾರೂ ಫೋನ್ ಎತ್ತುವುದಿಲ್ಲ. ಹಾಜರಿ ಪತ್ರ ಶಾಲೆಗೆ ಸೇರಿದ ದಿನವೇ ಕಚೇರಿಗೆ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಪಡೆಯಿರಿ.

ಮಾತಾಡಿದವರಿಗೆಲ್ಲ ಎರಡು ದಿನದೊಳಗೆ ನಾಲ್ಕು ಸಾಲು ಬರೆಯಿರಿ. ಎಲ್ಲಿ ಭೇಟಿ, ಏನು ಮಾತು, ಏನು ಕಳಿಸುತ್ತೇನೆಂದಿದ್ದಿರಿ ಅದರ ಲಗತ್ತು. ವಾರ ದಾಟಿದರೆ ಅವರಿಗೆ ನಿಮ್ಮ ಮುಖ ನೆನಪಿರುವುದಿಲ್ಲ.

ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ಮೂರು ದಿನದ ಕತೆ ಬೇಡ. ಒಂದು ಪಿರಿಯಡ್ ಕೇಳಿಕೊಂಡು ಒಂದೇ ಚಟುವಟಿಕೆ ಮಾಡಿ ತೋರಿಸಿ, ಅವರ ಕೈಯಿಂದಲೂ ಮಾಡಿಸಿ. ಹತ್ತನೆಯವರ ಪಾಠ ಮುಗಿದುಹೋಗಿದ್ದರೆ ಪುನರಾವರ್ತನೆಯ ತಾಸಿನಲ್ಲಿ ಮೊದಲಿನ ಅದೇ ಪ್ರಶ್ನೆಯ ಕಾಗದ ಮತ್ತೊಮ್ಮೆ ಕೊಟ್ಟು, ಅದೇ ಗುಂಪುಗಳಲ್ಲಿ ಎಣಿಸಿ. ಸಂಖ್ಯೆ ಬದಲಾಗದಿದ್ದರೆ ಅದನ್ನೂ ಬರೆದಿಡಿ. ಪ್ರಬಂಧ ಸಂಪುಟಕ್ಕೆ ಪರಿಷ್ಕೃತ ಲೇಖನ ಕಳಿಸಲು ಸಂಘಟಕರು ಕೆಲವು ವಾರಗಳ ಗಡುವು ಕೊಡುತ್ತಾರೆ. ಈ ಹೊಸ ಎಣಿಕೆ ಕೈಯಲ್ಲಿದ್ದರೆ ಆ ಲೇಖನಕ್ಕೆ ಹೊಸದಾಗಿ ಹುಡುಕಬೇಕಾದ್ದು ಏನೂ ಉಳಿಯುವುದಿಲ್ಲ.